ಹಳೆ ಹಾಸಿಗೆ ಕೊನೆಗೆ ಎಲ್ಲಿಗೆ ಹೋಗುತ್ತದೆ? ನಿಜವಾಗಿ ಮರುಬಳಕೆ ಆಗುತ್ತದಾ?

ಖಾಲಿಕೋಣೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ಹಳೆ ಹಾಸಿಗೆ ಇವೆ. ಒಂದು ಸ್ಪ್ರಿಂಗಿನದು, ಇನ್ನೊಂದು ಪೂರ್ತಿ ಫೋಮ್. ಎರಡರಲ್ಲೂ ನಡುವೆ ಗುಂಡಿ ಬಿದ್ದಿದೆ, ಬೆಳಿಗ್ಗೆ ಎದ್ದರೆ ಸೊಂಟ ಹಿಡಿದುಕೊಂಡಿರುತ್ತದೆ. ಹೊಸದು ತರುವುದಂತೂ ತೀರ್ಮಾನ ಆಗಿದೆ. ಮಾರುವವರು "ಹಳೇದನ್ನ ನಾವೇ ತಗೊಂಡು ಹೋಗ್ತೀವಿ" ಅಂದರು. ತಗೊಂಡು ಹೋಗಿ ಏನು ಮಾಡ್ತೀರಿ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ, "ರೀಸೈಕಲ್ ಆಗುತ್ತೆ" ಅಂತ ಒಂದೇ ಮಾತು.

ನನಗೆ ಬೇಕಾಗಿರುವುದು ಇಷ್ಟೇ. ಹಾಸಿಗೆಯನ್ನು ನಿಜವಾಗಿ ಬಿಚ್ಚಿ ಬಳಸುತ್ತಾರಾ, ಅಥವಾ ಊರಾಚೆ ಎಲ್ಲೋ ಹೂತು ಬರುತ್ತಾರಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕತ್ತರಿ_ಕೈ:
ಹಾಸಿಗೆ ಬಿಚ್ಚುವ ಘಟಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಹಾಗಾಗಿ ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೌದು, ಬಿಚ್ಚುತ್ತಾರೆ. ಹೆಚ್ಚಿನ ಕಡೆ ಈಗಲೂ ಕೈಯಲ್ಲೇ. ಹಾಸಿಗೆಯನ್ನು ಮೇಜಿನ ಮೇಲೆ ಮಲಗಿಸಿ ಅಂಚಿನ ಪಟ್ಟಿಯ ಉದ್ದಕ್ಕೂ ಚೂರಿ ಎಳೆಯುತ್ತೇವೆ. ಮೇಲಿನ ಬಟ್ಟೆ ಸುಲಿದು ಬರುತ್ತದೆ. ಅದರ ಕೆಳಗೆ ತೆಳ್ಳಗಿನ ಫೋಮ್, ಆಮೇಲೆ ಹತ್ತಿ ಅಥವಾ ಪಾಲಿಯೆಸ್ಟರ್ ಪದರ, ಆಮೇಲೆ ಚೂರು ಬಟ್ಟೆಗಳನ್ನು ಒತ್ತಿ ಮಾಡಿದ ದಪ್ಪ ಫೆಲ್ಟ್, ಕೊನೆಗೆ ಸ್ಪ್ರಿಂಗಿನ ಚೌಕಟ್ಟು. ಹಾಸಿಗೆ ಚೆನ್ನಾಗಿದ್ದರೆ, ಅಂದರೆ ಒಣಗಿದ್ದು ಹೊಲಿಗೆಯಲ್ಲಿ ಕಟ್ಟಿದ್ದರೆ, ಕೈ ಪಳಗಿದವನಿಗೆ ಇದು ಕೆಲವೇ ನಿಮಿಷದ ಕೆಲಸ.

ಒಂದೊಂದಕ್ಕೂ ಬೇರೆ ದಾರಿ. ಉಕ್ಕು ಗುಜರಿಗೆ ಹೋಗಿ ಕುಲುಮೆಯಲ್ಲಿ ಕರಗುತ್ತದೆ. ಫೋಮನ್ನು ಚೂರು ಮಾಡಿ, ಅಂಟು ಬೆರೆಸಿ, ಹಬೆ ಕೊಟ್ಟು ಒತ್ತಿ ದಪ್ಪ ಹಲಗೆ ಮಾಡುತ್ತಾರೆ. ನೆಲಗಂಬಳಿಯ ಅಡಿಗೆ ಹಾಸುವ ಮೆತ್ತೆ ಬಹುಪಾಲು ಇದೇ. ಹತ್ತಿ ಮತ್ತು ನಾರು ಎಣ್ಣೆ ಹೀರುವ ಹಾಳೆ, ಶಾಖ ತಡೆಯುವ ಮೆತ್ತೆ, ಕಾರ್ಖಾನೆಯ ಫಿಲ್ಟರ್ ಇಂಥದ್ದಕ್ಕೆ. ಹಾಸಿಗೆಯ ಅಡಿಗೆ ಇಡುವ ಪೆಟ್ಟಿಗೆಯಂಥ ಚೌಕಟ್ಟಿನಲ್ಲಿ ಮರ ಇದ್ದರೆ ಅದು ಚಕ್ಕೆಯಾಗುತ್ತದೆ ಅಥವಾ ಉರುವಲಾಗುತ್ತದೆ. ಅಮೆರಿಕದ ಮ್ಯಾಟ್ರೆಸ್ ರೀಸೈಕ್ಲಿಂಗ್ ಕೌನ್ಸಿಲ್ ಪ್ರಕಾರ ಒಂದು ಹಾಸಿಗೆಯ ಶೇ 75ಕ್ಕೂ ಹೆಚ್ಚು ಭಾಗವನ್ನು ಮರುಬಳಕೆ ಮಾಡಬಹುದು. ನನ್ನ ಅನುಭವಕ್ಕೂ ಅದು ಸರಿ ಹೋಗುತ್ತದೆ, ಆದರೆ "ಮಾಡಬಹುದು" ಅಂತ ಇದೆ ನೋಡಿ, "ಆಗುತ್ತದೆ" ಅಂತ ಅಲ್ಲ.

ಉಳಿದ ಕಾಲು ಭಾಗ ಏನು ಅಂದರೆ ಹೆಚ್ಚಾಗಿ ಮೇಲಿನ ಹೊದಿಕೆಯೇ. ಬಟ್ಟೆ, ಫೋಮ್, ಪಾಲಿಯೆಸ್ಟರ್ ಮೂರನ್ನೂ ಸೇರಿಸಿ ಹೊಲಿದಿರುತ್ತಾರೆ. ಬೆವರು, ಕಲೆ ಎಲ್ಲ ಕುಳಿತಿರುವುದೂ ಅಲ್ಲೇ. ಅದನ್ನು ಬಿಡಿಸಿ ಬೇರೆ ಮಾಡುವ ಖರ್ಚು ಯಾರಿಗೂ ಗಿಟ್ಟುವುದಿಲ್ಲ.

ಖಾಲಿಕೋಣೆ:
ತುಂಬಾ ಥ್ಯಾಂಕ್ಸ್ ಸರ್, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. "ಚೆನ್ನಾಗಿದ್ದರೆ, ಒಣಗಿದ್ದರೆ" ಅಂದಿರಲ್ಲ, ಇಲ್ಲದಿದ್ದರೆ ಏನಾಗುತ್ತದೆ?

ಕತ್ತರಿ_ಕೈ:
ವಾಪಸ್ ಹೋಗುತ್ತದೆ. ನೆಟ್ಟಗೆ ಹೂಳುವ ಜಾಗಕ್ಕೆ.

ಇದನ್ನೇ ನಾನು ಎಲ್ಲರಿಗೂ ಒತ್ತಿ ಹೇಳುವುದು. ಹಾಸಿಗೆ ನಮ್ಮ ಮೇಜಿಗೆ ಬರುವ ಮೊದಲೇ ಅದರ ಹಣೆಬರಹ ಮುಕ್ಕಾಲು ಬರೆದಾಗಿರುತ್ತದೆ. ಒಂದು ಸಲ ಕಾರ್ಖಾನೆಯಲ್ಲಿ, ಪದರಗಳನ್ನು ಅಂಟಿಸುತ್ತಾರಾ ಹೊಲಿಯುತ್ತಾರಾ ಅನ್ನುವಾಗ. ಇನ್ನೊಂದು ಸಲ ಬೀದಿಯಲ್ಲಿ, ಗೋಡೆಗೆ ಒರಗಿಸಿಟ್ಟ ಹಾಸಿಗೆಯ ಮೇಲೆ ಮಳೆ ಬಿದ್ದಾಗ. ನೀರು ಕುಡಿದ ಹಾಸಿಗೆ ಎತ್ತಲಾಗದಷ್ಟು ಭಾರ ಆಗುತ್ತದೆ. ಮಧ್ಯದ ತೇವ ಆರುವುದೇ ಇಲ್ಲ, ಒಳಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಕತ್ತರಿಸಿದರೆ ಬೂಷ್ಟಿನ ಪುಡಿ ಕೆಲಸದವರ ಮೂಗು ಗಂಟಲಿಗೆ. ಆ ಫೋಮನ್ನು ಕೊಳ್ಳುವವರೂ ಇಲ್ಲ, ಏಕೆಂದರೆ ಒಂದು ಒದ್ದೆ ಹಾಸಿಗೆಯಿಂದ ಇಡೀ ಬೇಲ್, ಅಂದರೆ ಒತ್ತಿ ಕಟ್ಟಿದ ಮೂಟೆ, ವಾಸನೆ ಬರುತ್ತದೆ. ಒಳ್ಳೆ ಮನಸ್ಸಿನಿಂದ ಕಳಿಸಿದ ಎಷ್ಟೋ ಹಾಸಿಗೆಗಳು ಬರೀ ಒಂದು ರಾತ್ರಿಯ ಮಳೆಗೆ ಕಸ ಆಗಿ ಹೋಗಿವೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಲೆಕ್ಕ_ಬೇಕು:
ಒಂದು ಪ್ರಶ್ನೆ, ಯಾರೂ ತಪ್ಪು ತಿಳಿಯಬೇಡಿ. ಹಾಸಿಗೆ ಅಂದರೆ ದೊಡ್ಡದು, ಹಗುರ. ಲಾರಿಯಲ್ಲಿ ಎಷ್ಟು ಹಿಡಿಯುತ್ತೆ? ಡೀಸೆಲ್ ಸುಟ್ಟು ದೂರ ಸಾಗಿಸಿ, ಜನರನ್ನು ಕೂರಿಸಿ ಬಿಚ್ಚಿಸಿ, ಕೊನೆಗೆ ಸಿಗುವುದು ಸ್ವಲ್ಪ ಉಕ್ಕು, ಸ್ವಲ್ಪ ಫೋಮ್. ಪರಿಸರಕ್ಕೆ ನಿಜವಾಗಿ ಲಾಭ ಇದೆಯಾ, ಅಥವಾ ನಮ್ಮ ಮನಸ್ಸಿನ ಸಮಾಧಾನಕ್ಕಾ? ಹೂತರೆ ಅಂಥ ಏನು ನಷ್ಟ?

ಹಸಿರುಪುಟ:
ಕೇಳಲೇಬೇಕಾದ ಪ್ರಶ್ನೆ ಇದು. ಹೂತರೆ ಏನಾಗುತ್ತದೆ ಅನ್ನುವುದರಿಂದ ಶುರು ಮಾಡುತ್ತೇನೆ.

ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಕಾಲು ಮೀಟರ್ ದಪ್ಪದ ಹಾಸಿಗೆ ತಗೊಳ್ಳಿ. ಮುಕ್ಕಾಲು ಘನ ಮೀಟರ್ ಜಾಗ. ಬೇರೆ ಕಸವನ್ನು ರೋಲರ್ ಹತ್ತಿಸಿ ಒತ್ತಿದರೆ ಕುಗ್ಗುತ್ತದೆ. ಹಾಸಿಗೆ ಕುಗ್ಗಿದಂತೆ ಮಾಡಿ ಮತ್ತೆ ಮೇಲಕ್ಕೆ ಬರುತ್ತದೆ, ಅದನ್ನು ಮಾಡಿರುವುದೇ ಅದಕ್ಕಲ್ವಾ. ಒಳಗೆ ಗಾಳಿಯ ಪೊಳ್ಳು ಉಳಿದು ಕಸದ ರಾಶಿ ಗಟ್ಟಿಯಾಗಿ ಕೂರುವುದಿಲ್ಲ. ಸ್ಪ್ರಿಂಗಿನ ತಂತಿ ಯಂತ್ರದ ಚಕ್ರಕ್ಕೆ ಸುತ್ತಿಕೊಂಡು ಕೆಲಸ ನಿಲ್ಲುತ್ತದೆ. ಎಷ್ಟೋ ಹೂಳುವ ಜಾಗಗಳು ಹಾಸಿಗೆಯನ್ನು ಒಳಗೆ ಬಿಡಲು ಹಿಂದೇಟು ಹಾಕುವುದು, ಹೆಚ್ಚಿನ ಶುಲ್ಕ ಕೇಳುವುದು ಇದಕ್ಕೇ. ಆಗ ಏನಾಗುತ್ತದೆ? ಜನ ರಾತ್ರಿ ಹೊತ್ತು ತಂದು ಕೆರೆ ದಂಡೆಗೋ ಖಾಲಿ ಜಾಗಕ್ಕೋ ಎಸೆದು ಹೋಗುತ್ತಾರೆ. ಅಲ್ಲಿ ಇಲಿ ಗೂಡು ಕಟ್ಟುತ್ತದೆ. ಯಾರೋ ಬೆಂಕಿ ಇಟ್ಟರೆ ಇನ್ನೂ ಕೆಟ್ಟದ್ದು.

ಇನ್ನು ಹೂತ ಮೇಲೆ. ಹತ್ತಿ, ಮರ, ತೆಂಗಿನ ನಾರು ಗಾಳಿಯಿಲ್ಲದ ಕಡೆ ಕೊಳೆತಾಗ ಮೀಥೇನ್ ಬರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಫೋಮ್ ಮಾತ್ರ ಕೊಳೆಯುವುದಿಲ್ಲ. ಅದು ಪುಡಿಯಾಗುತ್ತದೆ, ಪುಡಿ ಮಣ್ಣಿಗೆ ನೀರಿಗೆ ಸೇರುತ್ತದೆ. ಒಳಗೆ ಬೆರೆಸಿರುವ ರಾಸಾಯನಿಕಗಳೂ ಅದರ ಜೊತೆಗೇ ಇಳಿಯುತ್ತವೆ.

ಲಾಭದ ಲೆಕ್ಕಕ್ಕೆ ಬಂದರೆ ಉಕ್ಕೇ ದೊಡ್ಡದು. ವಿಶ್ವ ಉಕ್ಕು ಸಂಘದ ಅಂಕಿಯಂತೆ ಒಂದು ಟನ್ ಗುಜರಿ ಉಕ್ಕನ್ನು ಮತ್ತೆ ಬಳಸಿದರೆ ಸುಮಾರು 1.4 ಟನ್ ಕಬ್ಬಿಣದ ಅದಿರು ಮತ್ತು 740 ಕೆಜಿ ಕಲ್ಲಿದ್ದಲು ಉಳಿಯುತ್ತದೆ. ಸ್ಪ್ರಿಂಗ್ ಹಾಸಿಗೆಯಲ್ಲಿ ಹತ್ತು ಕೆಜಿ ಆಸುಪಾಸು ಉಕ್ಕು ಇರುತ್ತದೆ. ಅಂದರೆ ನೂರು ಹಾಸಿಗೆಗೆ ಒಂದು ಟನ್. ಅಮೆರಿಕ ಒಂದರಲ್ಲೇ ದಿನಕ್ಕೆ ಸುಮಾರು 50,000 ಹಾಸಿಗೆ ಎಸೆಯುತ್ತಾರೆ ಅಂತ ಮೇಲೆ ಹೇಳಿದ ಕೌನ್ಸಿಲ್ಲೇ ಅಂದಾಜು ಮಾಡಿದೆ. ಅದರಲ್ಲಿ ಅರ್ಧ ಮಾತ್ರ ಸ್ಪ್ರಿಂಗಿನದು ಅಂತ ಇಟ್ಟುಕೊಂಡರೂ ದಿನಕ್ಕೆ ಎಷ್ಟು ಅದಿರು ಅಗೆಯುವುದು ತಪ್ಪುತ್ತದೆ ನೀವೇ ಗುಣಿಸಿ ನೋಡಿ.

ಕತ್ತರಿ_ಕೈ:
ಲಾರಿಯ ಬಗ್ಗೆ ಲೆಕ್ಕ_ಬೇಕು ಹೇಳಿದ್ದು ಸರಿ ಇದೆ, ಅದನ್ನು ತಳ್ಳಿಹಾಕಬೇಡಿ. ಹಾಸಿಗೆಯ ಫೋಮಿನಲ್ಲಿ ಬಹುಪಾಲು ಗಾಳಿ. ಅದನ್ನು ಹಾಗೇ ಲಾರಿಗೆ ತುಂಬಿ ದೂರ ಓಡಿಸಿದರೆ ಗಾಳಿ ಸಾಗಿಸಿದ ಹಾಗೆ. ಅದಕ್ಕೇ ಬಿಚ್ಚುವ ಕೆಲಸ ಹಾಸಿಗೆ ಇರುವ ಊರಿನ ಹತ್ತಿರವೇ ಆಗಬೇಕು. ಅಲ್ಲಿ ಬಿಚ್ಚಿ, ಪ್ರೆಸ್ಸಿನಲ್ಲಿ ಒತ್ತಿ ಬೇಲ್ ಕಟ್ಟಿ, ಆಮೇಲೆ ಬೇಲ್ ಎಷ್ಟು ದೂರ ಬೇಕಾದರೂ ಹೋಗಲಿ. ಸ್ಪ್ರಿಂಗೂ ಅಷ್ಟೇ. ಹಾಗೇ ಕೊಟ್ಟರೆ ಗುಜರಿಯವರು ಮುಖ ತಿರುಗಿಸುತ್ತಾರೆ, ಒಂದಕ್ಕೊಂದು ಸಿಕ್ಕಿಕೊಂಡು ಜಾಗ ತಿನ್ನುತ್ತದೆ. ಒತ್ತಿ ಕಟ್ಟಿದರೆ ಕೈಗೆ ಕಾಸು ಕೊಟ್ಟು ಒಯ್ಯುತ್ತಾರೆ.

ಲೆಕ್ಕ_ಬೇಕು:
ಸರಿ, ಉಕ್ಕಿನ ಮಟ್ಟಿಗೆ ಒಪ್ಪಿದೆ. ಆದರೆ ಈಗ ಬರುವ ಹಾಸಿಗೆಗಳಲ್ಲಿ ಉಕ್ಕೇ ಇರುವುದಿಲ್ಲವಲ್ಲ. ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಬರುತ್ತೆ, ಬಿಚ್ಚಿದರೆ ಉಬ್ಬುತ್ತೆ, ಪೂರ್ತಿ ಫೋಮ್. ಅದಕ್ಕೇನು ದಾರಿ? ಪ್ಲಾಸ್ಟಿಕ್ ಬಾಟಲಿ ಕರಗಿಸಿದ ಹಾಗೆ ಕರಗಿಸಬಹುದಾ?

ರಸಾಯನ_ಮೇಷ್ಟ್ರು:
ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು ನಾನು, ಈ ವಿಷಯ ಅಂದರೆ ನನಗೆ ಪ್ರೀತಿ.

ಹಾಸಿಗೆಯ ಫೋಮ್ ಅಂದರೆ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಅವರ ತಂಡ ಕಂಡುಹಿಡಿದದ್ದು. ಇದಕ್ಕೆ ಎರಡು ಮುಖ್ಯ ದ್ರವಗಳು ಬೇಕು, ಪಾಲಿಯಾಲ್ ಮತ್ತು ಐಸೊಸಯನೇಟ್. ಜೊತೆಗೆ ಸ್ವಲ್ಪ ನೀರು. ನೀರು ಐಸೊಸಯನೇಟಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಗುಳ್ಳೆಗಳಿಂದಲೇ ಫೋಮ್ ಉಬ್ಬುವುದು. ಇಡ್ಲಿ ಹಿಟ್ಟು ಹುಳಿ ಬಂದು ಉಬ್ಬುವುದನ್ನು ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ಉಬ್ಬುವಾಗಲೇ ಅಣುಗಳ ಸರಪಳಿಗಳು ಅಡ್ಡಡ್ಡ ಬೆಸೆದುಕೊಂಡು ಬಲೆ ಆಗಿಬಿಡುತ್ತವೆ. ಬಾಟಲಿಯ ಪ್ಲಾಸ್ಟಿಕ್‌ನಲ್ಲಿ ಸರಪಳಿಗಳು ಬಿಡಿಬಿಡಿ, ಕಾಯಿಸಿದರೆ ಜಾರುತ್ತವೆ, ಕರಗುತ್ತದೆ. ಇಲ್ಲಿ ಬಲೆ. ಕಾಯಿಸಿದರೆ ಕರಗುವುದಿಲ್ಲ, ಸೀದುಹೋಗುತ್ತದೆ. ಲೇಟೆಕ್ಸ್ ಹಾಸಿಗೆಗೂ ಇದೇ ಕಷ್ಟ. ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್ ಮತ್ತೆ ಹಾಲಾಗುವುದಿಲ್ಲ.

ಹಾಗಾಗಿ ಎರಡೇ ದಾರಿ. ಒಂದು, ಚೂರು ಮಾಡಿ ಅಂಟಿಸುವುದು. ಕತ್ತರಿ_ಕೈ ಹೇಳಿದ್ದು. ಅದು ಒಂದು ಮೆಟ್ಟಿಲು ಇಳಿದ ಹಾಗೆ. ಹಾಸಿಗೆ ಹೋಗಿ ಮೆತ್ತೆ ಆಗುತ್ತದೆ, ಮೆತ್ತೆ ಹಳೆಯದಾದರೆ ಮುಂದೆ ದಾರಿ ಕಷ್ಟ. ಇನ್ನೊಂದು, ಬಲೆಯನ್ನೇ ರಸಾಯನದಿಂದ ಬಿಡಿಸುವುದು. ಗ್ಲೈಕಾಲ್ ಹಾಕಿ ಬಿಸಿ ಮಾಡಿದರೆ ಗ್ಲೈಕೊಲಿಸಿಸ್, ಆಮ್ಲ ಬಳಸಿದರೆ ಆಸಿಡೊಲಿಸಿಸ್. ಬಂಧ ಕಳಚಿ ಪಾಲಿಯಾಲ್ ಮತ್ತೆ ದ್ರವವಾಗಿ ಸಿಗುತ್ತದೆ. ಫೋಮಿನ ತೂಕದಲ್ಲಿ ಹೆಚ್ಚು ಪಾಲು ಪಾಲಿಯಾಲೇ, ಆದ್ದರಿಂದ ಇದು ಸಣ್ಣ ವಿಷಯ ಅಲ್ಲ. ಫ್ರಾನ್ಸಿನ ಸೆಮ್ವಾ ಎಂಬಲ್ಲಿ 2021ರಲ್ಲಿ ಇಂಥ ಘಟಕ ಶುರುವಾಯಿತು, ವರ್ಷಕ್ಕೆ 2 ಲಕ್ಷ ಹಾಸಿಗೆಯ ಫೋಮ್ ಅರಗಿಸುವ ಗುರಿ ಇಟ್ಟುಕೊಂಡು. ಅದೇ ಲೆವರ್ಕುಸೆನ್‌ನಲ್ಲಿ ಕೊವೆಸ್ಟ್ರೊ ಕಂಪನಿಯೂ ಪ್ರಾಯೋಗಿಕ ಘಟಕ ನಡೆಸಿ, ಪಾಲಿಯಾಲ್ ಜೊತೆಗೆ ಐಸೊಸಯನೇಟಿನ ಮೂಲ ವಸ್ತುವನ್ನೂ ವಾಪಸ್ ಪಡೆಯುವ ಪ್ರಯತ್ನ ಮಾಡಿದೆ. ಫೋಮ್ ಹುಟ್ಟಿದ ಊರಲ್ಲೇ ಅದನ್ನು ಬಿಡಿಸುವ ಕೆಲಸವೂ ನಡೆಯುತ್ತಿರುವುದು ನನಗೆ ತುಂಬ ಖುಷಿ ಕೊಡುವ ವಿಷಯ.

ಆದರೆ ಒಂದು ಮಾತು. ಇಂಥ ಘಟಕಕ್ಕೆ ಹೋಗುವ ಫೋಮ್ ಶುದ್ಧ ಇರಬೇಕು. ಬೇರೆ ಬೇರೆ ಜಾತಿಯ ಫೋಮ್ ಕಲೆತರೆ ಸಿಗುವ ದ್ರವದ ಗುಣ ಏರುಪೇರಾಗುತ್ತದೆ. ಒತ್ತಿದರೆ ನಿಧಾನವಾಗಿ ಏಳುವ ಮೆಮೊರಿ ಫೋಮ್ ಬೇರೆ, ಸಾದಾ ಫೋಮ್ ಬೇರೆ, ಲೇಟೆಕ್ಸ್ ಅಂತೂ ಪೂರ್ತಿ ಬೇರೆ.

ಕತ್ತರಿ_ಕೈ:
ಮೇಷ್ಟ್ರೇ, ಈ ಕೊನೆಯ ಮಾತೇ ನಮ್ಮ ದಿನನಿತ್ಯದ ಗೋಳು. ಪೆಟ್ಟಿಗೆಯಲ್ಲಿ ಬರುವ ಹಾಸಿಗೆಯಲ್ಲಿ ಮೂರು ನಾಲ್ಕು ಜಾತಿಯ ಫೋಮನ್ನು ಒಂದರ ಮೇಲೊಂದು ಅಂಟಿಸಿರುತ್ತಾರೆ. ಕಿತ್ತರೆ ಪದರ ಬರುವುದಿಲ್ಲ, ಫೋಮೇ ಹರಿಯುತ್ತದೆ. ಪಾಕೆಟ್ ಸ್ಪ್ರಿಂಗೂ ಹೀಗೇ. ಒಂದೊಂದು ಸ್ಪ್ರಿಂಗಿಗೂ ಒಂದೊಂದು ಬಟ್ಟೆ ಚೀಲ, ಆ ಚೀಲಗಳನ್ನು ಪಕ್ಕಪಕ್ಕ ಅಂಟಿಸಿರುತ್ತಾರೆ, ನೂರಾರು ಚೀಲ. ಕೈಯಲ್ಲಿ ಬಿಡಿಸಲು ಹೊರಟರೆ ದಿನ ಮುಗಿಯುತ್ತದೆ. ಯಂತ್ರ ಇರುವವರು ಮಾತ್ರ ಮಾಡುತ್ತಾರೆ, ಅದರಲ್ಲೂ ಉಕ್ಕಿಗೆ ಚೀಲದ ಚೂರು ಅಂಟಿಕೊಂಡೇ ಹೋಗುತ್ತದೆ. ಮಲಗುವವರಿಗೆ ಇವು ಹಾಯಾಗಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳೇ ಕಾಲದ ಸಾದಾ ಸ್ಪ್ರಿಂಗಿನ ಹಾಸಿಗೆ ಮೇಜಿಗೆ ಬಂದರೆ ನಮ್ಮ ಕಡೆ ಎಲ್ಲರ ಮುಖ ಅರಳುತ್ತಿತ್ತು.

ತಾರಸಿ_ತೋಟ:
ನನ್ನದು ಸಣ್ಣ ಪ್ರಶ್ನೆ. ಹಳೆ ಫೋಮನ್ನು ಚೂರು ಮಾಡಿ ಕುಂಡದ ಮಣ್ಣಿಗೆ ಬೆರೆಸಿದರೆ ನೀರು ಹಿಡಿದಿಡುತ್ತದೆ ಅಂತ ಯಾರೋ ಹೇಳಿದರು. ಮಾಡಬಹುದಾ? ಸೊಪ್ಪು ತರಕಾರಿ ಬೆಳೆಯುತ್ತೇನೆ.

ರಸಾಯನ_ಮೇಷ್ಟ್ರು:
ದಯವಿಟ್ಟು ಬೇಡ. ತಿನ್ನುವ ಗಿಡದ ಹತ್ತಿರ ಹಳೆ ಫೋಮ್ ತರಲೇಬೇಡಿ. ಬೆಂಕಿ ಬೇಗ ಹತ್ತಬಾರದು ಅಂತ ಅದಕ್ಕೆ ರಾಸಾಯನಿಕ ಬೆರೆಸಿರುವ ಸಾಧ್ಯತೆ ಇದೆ. ಹಳೆಯ ಫೋಮುಗಳಲ್ಲಿ ಬಳಸುತ್ತಿದ್ದ ಪೆಂಟಾ-ಬಿಡಿಇ ಗುಂಪಿನ ಬೆಂಕಿ ತಡೆಯುವ ವಸ್ತುಗಳನ್ನು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಅಂದರೆ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ, ಸೇರಿಸಿದರು. ಅವು ಪರಿಸರದಲ್ಲಿ ಬೇಗ ಕರಗುವುದಿಲ್ಲ, ಪ್ರಾಣಿಗಳ ಕೊಬ್ಬಿನಲ್ಲಿ ಸೇರಿಕೊಂಡು ಉಳಿಯುತ್ತವೆ. ನಿಮ್ಮ ಹಾಸಿಗೆಯಲ್ಲಿ ಏನಿದೆ ಅಂತ ನೋಡಿ ಹೇಳಲು ಬರುವುದಿಲ್ಲ. ಅಲ್ಲದೆ ಬಿಸಿಲಿಗೆ ಫೋಮ್ ಹಳದಿ ತಿರುಗಿ ಪುಡಿಯಾಗುತ್ತದೆ, ಆ ಪುಡಿಯನ್ನು ಮಣ್ಣಿನಿಂದ ಮತ್ತೆ ಆರಿಸಲು ಆಗುವುದಿಲ್ಲ.

ತೆಂಗಿನ ನಾರಿನ ಹಾಸಿಗೆ ಇದ್ದು, ರಬ್ಬರ್ ಹಾಲು ಹಾಕದ ಬರೀ ನಾರಾಗಿದ್ದರೆ ಅದು ಬೇರೆ ಮಾತು. ಅದು ಗಿಡದ ಬುಡಕ್ಕೆ ಒಳ್ಳೆಯ ಹೊದಿಕೆ.

ತಾರಸಿ_ತೋಟ:
ಸರಿ ಸರ್, ಬಿಟ್ಟೆ. ಸ್ಪ್ರಿಂಗಿನ ಚೌಕಟ್ಟು ಬಳ್ಳಿ ಹಬ್ಬಿಸಲು ಚಪ್ಪರದ ಹಾಗೆ ನಿಲ್ಲಿಸಬಹುದು ಅಲ್ವಾ, ಅದಕ್ಕೇನೂ ತೊಂದರೆ ಇಲ್ಲ ತಾನೇ?

ಕತ್ತರಿ_ಕೈ:
ಧಾರಾಳವಾಗಿ. ತುದಿಯ ತಂತಿಗಳನ್ನು ಒಳಕ್ಕೆ ಬಗ್ಗಿಸಿ, ಕೈಗೆ ಚುಚ್ಚುತ್ತದೆ. ಬಿಚ್ಚುವಾಗ ದಪ್ಪ ಕೈಗವಸು, ಮೂಗಿಗೆ ಮಾಸ್ಕ್ ಇರಲಿ. ವರ್ಷಗಟ್ಟಲೆಯ ಧೂಳು ಒಳಗೆ ಕೂತಿರುತ್ತದೆ.

ಹೊಸಬ_7:
ಇಷ್ಟೆಲ್ಲ ಯಾಕೆ, ಹಿತ್ತಲಲ್ಲಿ ಸುಟ್ಟರೆ ಸ್ಪ್ರಿಂಗ್ ಮಾತ್ರ ಉಳಿಯುತ್ತೆ, ಅದನ್ನ ಗುಜರಿಗೆ ಹಾಕಿದರಾಯ್ತು. ನಮ್ಮ ಕಡೆ ಹಾಗೇ ಮಾಡ್ತಾರೆ.

ರಸಾಯನ_ಮೇಷ್ಟ್ರು:
ಹೊಸಬರೇ, ಇದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ. ಪಾಲಿಯುರೆಥೇನಿನಲ್ಲಿ ಸಾರಜನಕ ಇದೆ. ಉರಿದಾಗ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಬರುತ್ತದೆ. ಎರಡೂ ದೇಹಕ್ಕೆ ಆಮ್ಲಜನಕ ಸಿಗದಂತೆ ಮಾಡುವ ವಿಷ. ಮನೆಗೆ ಬೆಂಕಿ ಬಿದ್ದಾಗ ಸುಟ್ಟಗಾಯಕ್ಕಿಂತ ಮೊದಲು ಹೊಗೆಯೇ ಜನರನ್ನು ಕೊಲ್ಲುವುದರ ಹಿಂದೆ ಹಾಸಿಗೆ, ಸೋಫಾಗಳ ಫೋಮಿನ ಪಾಲು ದೊಡ್ಡದು. ಬ್ರಿಟನ್ನಿನಲ್ಲಿ 1988ರಲ್ಲಿ ಪೀಠೋಪಕರಣಗಳ ಬೆಂಕಿ ಸುರಕ್ಷತೆಗೆ ಕಟ್ಟುನಿಟ್ಟಿನ ನಿಯಮ ತಂದದ್ದು ಇಂಥ ಸಾವುಗಳನ್ನು ನೋಡಿಯೇ. ಬಯಲಲ್ಲಿ ಸುಟ್ಟರೆ ಗಾಳಿಗೆ ಹೋಗುತ್ತೆ ಬಿಡಿ ಅನ್ನಬೇಡಿ, ಪಕ್ಕದ ಮನೆಯ ಮಗು ಉಸಿರಾಡುವುದೂ ಅದೇ ಗಾಳಿ.

ಹೊಸಬ_7:
ಇಷ್ಟು ಅಪಾಯ ಅಂತ ಯಾರೂ ಹೇಳಿರಲಿಲ್ಲ. ಮನೆಯವರಿಗೆ ಇದನ್ನ ಓದಿ ಹೇಳ್ತೀನಿ.

ಹಾಸ್ಟೆಲ್_ವಾರ್ಡನ್:
ನಾನು ವಿದ್ಯಾರ್ಥಿ ನಿಲಯ ನೋಡಿಕೊಳ್ಳುತ್ತೇನೆ. ಕೆಲವು ವರ್ಷಕ್ಕೊಮ್ಮೆ ಒಂದೇ ಸಲ ರಾಶಿ ಹಾಸಿಗೆ ಬದಲಾಯಿಸಬೇಕಾಗುತ್ತದೆ. ಕಳೆದ ಸಲ ಒಯ್ಯಲು ಒಪ್ಪಿಕೊಂಡ ಗುತ್ತಿಗೆದಾರರು ಅರ್ಧ ದಾರಿಯಲ್ಲಿ ಸುರಿದು ಹೋಗಿದ್ದರು. ಆಮೇಲೆ ತಿಳಿಯಿತು. ಅವರನ್ನು ಮತ್ತೆ ಕರೆಯಲಿಲ್ಲ. ಈ ಸಲ ಹಾಗಾಗಬಾರದು. ಇನ್ನೊಂದು ತಲೆನೋವು ಅಂದರೆ ತಿಗಣೆ. ಕೆಲವು ಕೋಣೆಗಳಲ್ಲಿ ಇದೆ. ಅಂಥ ಹಾಸಿಗೆ ಬಿಚ್ಚುವವರು ತೆಗೆದುಕೊಳ್ಳುತ್ತಾರಾ?

ಕತ್ತರಿ_ಕೈ:
ಮೇಡಂ ಅಥವಾ ಸರ್, ನಿಮ್ಮಂಥವರ ಹಾಸಿಗೆ ಅಂದರೆ ಘಟಕದವರಿಗೆ ಬಹಳ ಇಷ್ಟ, ಯಾಕೆಂದರೆ ಎಲ್ಲ ಒಂದೇ ಅಳತೆ, ಒಂದೇ ಜಾತಿ, ಒಂದೇ ಕಡೆ. ಒಂದು ಬಿಚ್ಚಿ ನೋಡಿದರೆ ಉಳಿದದ್ದೆಲ್ಲ ಗೊತ್ತಾಗುತ್ತದೆ. ಹೋಟೆಲು, ಆಸ್ಪತ್ರೆ, ಹಾಸ್ಟೆಲ್ಲಿನ ಸರಕಿಗೆ ಲಾರಿ ಕಳಿಸುವುದು ಗಿಟ್ಟುತ್ತದೆ.

ತಿಗಣೆ ಇರುವುದನ್ನು ಮುಚ್ಚಿಡಬೇಡಿ, ಮೊದಲೇ ಹೇಳಿ. ಬಹಳ ಘಟಕಗಳು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದು ಕೆಲಸದವರ ಬಟ್ಟೆ ಹಿಡಿದು ಅವರ ಮನೆಗೆ ಹೋಗುತ್ತದೆ. ಕೆಲವು ಕಡೆ ಬಿಸಿ ಕೋಣೆ ಇರುತ್ತದೆ. ಹಾಸಿಗೆಯ ಒಳಭಾಗದವರೆಗೂ 50 ಡಿಗ್ರಿ ಸೆಲ್ಸಿಯಸ್ ದಾಟಿ ಸಾಕಷ್ಟು ಹೊತ್ತು ನಿಂತರೆ ತಿಗಣೆ, ಮೊಟ್ಟೆ ಎರಡೂ ಸಾಯುತ್ತವೆ. ಮೇಲೆ ಬಿಸಿಲಿಗೆ ಹಾಕಿದರೆ ಸಾಲದು, ಬಿಸಿ ಒಳಗೆ ಹೋಗುವುದಿಲ್ಲ, ಹುಳ ನೆರಳಿನ ಕಡೆ ಸರಿದುಬಿಡುತ್ತದೆ. ಕೋಣೆಯಿಂದ ಹೊರಗೆ ತರುವ ಮೊದಲೇ ಪ್ಲಾಸ್ಟಿಕ್ ಹಾಳೆಯಲ್ಲಿ ಪೂರ್ತಿ ಸುತ್ತಿ ಟೇಪ್ ಹಾಕಿ, ಮೇಲೆ ದೊಡ್ಡದಾಗಿ ಬರೆಯಿರಿ. ಒಳ್ಳೆಯವುಗಳ ಜೊತೆ ಒಂದೇ ಲಾರಿಯಲ್ಲಿ ಬೇಡ.

ಸುರಿದು ಹೋಗುವವರಿಗೆ ಮದ್ದು ಒಂದೇ. ಹಣವನ್ನು ಒಯ್ಯುವಾಗ ಕೊಡಬೇಡಿ. ಎಷ್ಟು ಹಾಸಿಗೆ ಬಂತು ಅಂತ ಬಿಚ್ಚುವ ಘಟಕದ ರಸೀದಿ ತಂದ ಮೇಲೆ ಕೊಡಿ.

ಹಸಿರುಪುಟ:
ಹಳೆ ಹಾಸಿಗೆ ಸರಿಯಾದ ಕಡೆ ಸೇರಬೇಕು ಅನ್ನುವ ಹೊಣೆ ಕೆಲವು ಕಡೆ ಕಾನೂನಾಗಿಯೂ ಬಂದಿದೆ. ತಯಾರಿಸಿದವರೇ ಕೊನೆಯವರೆಗೆ ಹೊಣೆ ಅನ್ನುವ ತತ್ವ. ಅಮೆರಿಕದಲ್ಲಿ ಮೊದಲು ಕನೆಕ್ಟಿಕಟ್ 2013ರಲ್ಲಿ ಹಾಸಿಗೆಗೇ ಅಂತ ಕಾನೂನು ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಮತ್ತು ರೋಡ್ ಐಲೆಂಡ್ ಸೇರಿದವು, 2022ರಲ್ಲಿ ಆರೆಗಾನ್. ಹೊಸ ಹಾಸಿಗೆ ಕೊಳ್ಳುವಾಗಲೇ ಬಿಲ್ಲಿನಲ್ಲಿ ಒಂದು ಸಣ್ಣ ಶುಲ್ಕ ಸೇರುತ್ತದೆ, ಆ ಹಣದಿಂದ ಸಂಗ್ರಹ ಮತ್ತು ಬಿಚ್ಚುವ ಕೆಲಸ ನಡೆಯುತ್ತದೆ. ಜನ ಹಳೇದನ್ನು ಸಂಗ್ರಹ ಕೇಂದ್ರಕ್ಕೆ ತಂದರೆ ಏನೂ ಕೊಡಬೇಕಾಗಿಲ್ಲ. ಫ್ರಾನ್ಸಿನಲ್ಲಿ ಪೀಠೋಪಕರಣಗಳ ಜೊತೆ ಹಾಸಿಗೆಯೂ ಇಂಥ ವ್ಯವಸ್ಥೆಗೆ ಬಂದು ಹತ್ತು ವರ್ಷದ ಮೇಲಾಯಿತು. ಬೆಲ್ಜಿಯಂ 2021ರಲ್ಲಿ, ನೆದರ್ಲೆಂಡ್ಸ್ 2022ರಲ್ಲಿ ಶುರು ಮಾಡಿದವು.

ಲೆಕ್ಕ_ಬೇಕು:
ಅಂದರೆ ಕೊನೆಗೆ ದುಡ್ಡು ಕೊಳ್ಳುವವನ ಜೇಬಿಂದಲೇ. ತಯಾರಕರು ಹೊಣೆ ಅಂತ ಹೇಳುವುದು, ಕೊಡುವುದು ನಾವು. ಎಲ್ಲರಿಗೂ ಒಂದೇ ಶುಲ್ಕ ಆದರೆ ಅಂಟು ಬಳಿದು ಮಾಡುವವನಿಗೂ ಹೊಲಿದು ಮಾಡುವವನಿಗೂ ವ್ಯತ್ಯಾಸವೇ ಇಲ್ಲವಲ್ಲ. ಅವನು ಯಾಕೆ ಬದಲಾಗುತ್ತಾನೆ?

ಹಸಿರುಪುಟ:
ನೀವು ಹಿಡಿದದ್ದು ಸರಿಯಾದ ಎಳೆ. ಒಂದೇ ದರ ಇದ್ದರೆ ಸಂಗ್ರಹ ಚೆನ್ನಾಗಿ ನಡೆಯುತ್ತದೆ, ತಯಾರಿಕೆ ಬದಲಾಗುವುದಿಲ್ಲ. ಬಿಚ್ಚಲು ಸುಲಭ ಇರುವ ಹಾಸಿಗೆಗೆ ಕಡಿಮೆ, ಕಷ್ಟದ್ದಕ್ಕೆ ಜಾಸ್ತಿ ಅಂತ ದರ ಇಟ್ಟರೆ ಮಾತ್ರ ಕಾರ್ಖಾನೆಯ ಕಿವಿಗೆ ಬೀಳುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಯುರೋಪು ಈಗ ಇನ್ನೊಂದು ಕಡೆಯಿಂದಲೂ ಹೊರಟಿದೆ. 2024ರಲ್ಲಿ ಉತ್ಪನ್ನಗಳ ವಿನ್ಯಾಸಕ್ಕೇ ನಿಯಮ ಹಾಕುವ ಕಾನೂನು ಬಂತು. 2025ರಲ್ಲಿ ಅದರ ಮೊದಲ ಕೆಲಸದ ಪಟ್ಟಿ ಹೊರಬಿತ್ತು, ಅದರಲ್ಲಿ ಬಟ್ಟೆ, ಟೈರುಗಳ ಜೊತೆ ಹಾಸಿಗೆಯ ಹೆಸರೂ ಇದೆ. ಬಾಳಿಕೆ, ದುರಸ್ತಿ, ಬಿಚ್ಚುವ ಸುಲಭ ಇವೆಲ್ಲ ನಿಯಮದೊಳಗೆ ಬರುವ ದಾರಿ ತೆರೆದಿದೆ.

ಕತ್ತರಿ_ಕೈ:
ಅಂಟಿನ ಬದಲು ಜಿಪ್ಪು, ಹೊಲಿಗೆ, ಗುಂಡಿ ಬಂದರೆ ಸಾಕು, ನಮಗೆ ಅರ್ಧ ಯುದ್ಧ ಗೆದ್ದಂತೆ. ಜೊತೆಗೆ ಒಳಗೆ ಏನೇನು ಹಾಕಿದ್ದೇವೆ ಅಂತ ಒಂದು ಚೀಟಿ, ಬಟ್ಟೆಗೆ ಹೊಲಿದದ್ದು, ಹತ್ತು ವರ್ಷ ಆದರೂ ಅಳಿಸದ ಹಾಗೆ. ಈಗ ನಾವು ಫೋಮನ್ನು ಬೆರಳಲ್ಲಿ ಒತ್ತಿ, ಎಷ್ಟು ನಿಧಾನ ಏಳುತ್ತದೆ ನೋಡಿ, ಇದು ಮೆಮೊರಿ, ಇದು ಸಾದಾ ಅಂತ ಬೇರೆ ಮಾಡುತ್ತೇವೆ. ಅನುಭವ ಇದ್ದವರಿಗೆ ತಿಳಿಯುತ್ತದೆ. ಆದರೆ ಅದರೊಳಗೆ ಯಾವ ರಾಸಾಯನಿಕ ಇದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲವಲ್ಲ. ಆ ಧೂಳು ಕುಡಿಯುವುದು ನಾವೇ.

ಹೀಗಂತ ಹೇಳುವಾಗ ಒಂದು ವಿಷಯ ಬಿಟ್ಟುಹೋಗಬಾರದು. ಈ ಕೆಲಸ ಮಾಡುವವರಿಗೆ ಮಾಸ್ಕ್, ಕೈಗವಸು, ಗಾಳಿಯಾಡುವ ಜಾಗ, ಸರಿಯಾದ ಸಂಬಳ ಇಲ್ಲದಿದ್ದರೆ ಆ ಮರುಬಳಕೆಯನ್ನು ನಾನು ಒಳ್ಳೆಯದು ಅಂತ ಕರೆಯುವುದಿಲ್ಲ.

ನಿಧಾನಿ:
ಮೇಲಿಂದ ಓದುತ್ತಾ ಬಂದೆ, ಒಂದು ಮಾತು ಸೇರಿಸುತ್ತೇನೆ. ಬಿಚ್ಚುವುದಕ್ಕಿಂತ ಮೊದಲು ಇನ್ನೂ ಕೆಲವು ವರ್ಷ ಬಾಳಿಸುವುದು ಇದೆಯಲ್ಲ? ತೊಳೆಯಲು ಬರುವಂಥ ರಕ್ಷಣಾ ಕವರ್ ಮೊದಲ ದಿನದಿಂದ ಹಾಕಿದರೆ ಕಲೆ, ತೇವ ಒಳಗೆ ಇಳಿಯುವುದಿಲ್ಲ. ತಲೆ ಕಾಲು ಅದಲು ಬದಲು ಮಾಡುತ್ತಿದ್ದರೆ ಒಂದೇ ಕಡೆ ಗುಂಡಿ ಬೀಳುವುದಿಲ್ಲ. ಎಷ್ಟೋ ಸಲ ಹಾಸಿಗೆ ಸರಿ ಇರುತ್ತದೆ, ಕೆಳಗಿನ ಮಂಚದ ಪಟ್ಟಿ ಬಾಗಿರುತ್ತದೆ. ಅದನ್ನು ಮೊದಲು ನೋಡಬೇಕು. ಹತ್ತಿ ಹಾಸಿಗೆ ಆದರೆ ಕವರ್ ಬಿಚ್ಚಿ ಹತ್ತಿ ಹಿಂಜಿಸಿ ಮತ್ತೆ ತುಂಬಿಸಬಹುದು, ಅದರಷ್ಟು ನೇರವಾದ ಮರುಬಳಕೆ ಇನ್ನೊಂದಿಲ್ಲ.

ಲೆಕ್ಕ_ಬೇಕು:
ಇದು ನನಗೆ ಎಲ್ಲಕ್ಕಿಂತ ಹಿಡಿಸಿತು. ಹತ್ತು ವರ್ಷ ಬಾಳಿದ ಹಾಸಿಗೆ ಹದಿಮೂರು ಬಾಳಿದರೆ, ಅಷ್ಟರಮಟ್ಟಿಗೆ ಹೊಸದು ಮಾಡುವುದೂ ಹಳೇದು ಸಾಗಿಸುವುದೂ ಮುಂದಕ್ಕೆ ಹೋಯಿತು. ಮರುಬಳಕೆ ಬೇಡ ಅಂತ ನಾನು ಹೇಳಲು ಬಂದವನಲ್ಲ, ಲೆಕ್ಕ ಕೇಳಲು ಬಂದೆ. ಲೆಕ್ಕ ಸಿಕ್ಕಿತು. ಫೋಮಿನ ವಿಷಯದಲ್ಲಿ ಮಾತ್ರ ಇನ್ನೂ ದೂರ ಇದೆ ಅನ್ನುವುದು ನನ್ನ ನಿಲುವು.

ರಸಾಯನ_ಮೇಷ್ಟ್ರು:
ಫೋಮಿನ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ದಾರಿ ಕಂಡಿದೆ, ಜನ ಓಡಾಡುವಷ್ಟು ಅಗಲ ಆಗಿಲ್ಲ.

ಖಾಲಿಕೋಣೆ:
ಎಲ್ಲರಿಗೂ ಮನಸಾರೆ ವಂದನೆ. ನಿಧಾನಿ ಹೇಳಿದ ಮೇಲೆ ಎದ್ದು ಹೋಗಿ ನೋಡಿದೆ. ಫೋಮ್ ಹಾಸಿಗೆ ಇರುವ ಮಂಚದಲ್ಲಿ ನಡುವಿನ ಎರಡು ಪಟ್ಟಿ ಬಾಗಿವೆ. ಪಟ್ಟಿ ಬದಲಾಯಿಸಿ ನೋಡುತ್ತೇನೆ, ಸರಿ ಹೋದರೆ ಅದನ್ನು ಉಳಿಸಿಕೊಳ್ಳುತ್ತೇವೆ. ಸ್ಪ್ರಿಂಗಿನದು ಮಾತ್ರ ಕಳಿಸಲೇಬೇಕು, ತಂತಿ ಹೊರಗೆ ಬಂದಿದೆ. ಮಾರುವವರಿಗೆ ಏನೇನು ಕೇಳಬೇಕು, ಒಮ್ಮೆ ಹೇಳಿಬಿಡಿ.

ಕತ್ತರಿ_ಕೈ:
ಬಿಚ್ಚುವ ಘಟಕ ಯಾವುದು, ಹೆಸರು ಹೇಳಿ ಅಂತ ಕೇಳಿ. ಹೆಸರು ಹೇಳಿದರೆ ಆ ಘಟಕಕ್ಕೆ ನೀವೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಹೇಳದಿದ್ದರೆ ಅದು ಬರೀ ಬಾಯಿಮಾತು ಅಂತ ತಿಳಿಯಿರಿ, ಬೇರೆಯವರನ್ನು ಹುಡುಕಿ. ಹೊಸ ಹಾಸಿಗೆಯ ಪದರಗಳು ಅಂಟಿನದಾ ಹೊಲಿಗೆಯದಾ, ಕವರ್ ಜಿಪ್ಪಿನದಾ ಅಂತಲೂ ಕೇಳಿ. ಈಗ ಯಾರೂ ಕೇಳುವುದಿಲ್ಲ, ಕೇಳುವವರು ಜಾಸ್ತಿಯಾದರೆ ಅವರೂ ಕಾರ್ಖಾನೆಯನ್ನು ಕೇಳುತ್ತಾರೆ.

ಹಳೇದನ್ನು ಒಯ್ಯುವ ದಿನದವರೆಗೆ ಮನೆಯೊಳಗೇ ಇಟ್ಟುಕೊಳ್ಳಿ. ಲಾರಿ ಬಾಗಿಲಿಗೆ ಬಂದ ಮೇಲೆ ಹೊರಗೆ ತೆಗೆಯಿರಿ. ಹೊಸ ಹಾಸಿಗೆ ಸುತ್ತಿ ಬಂದ ಪ್ಲಾಸ್ಟಿಕ್ ಚೀಲವನ್ನು ಎಸೆಯಬೇಡಿ, ಅದರೊಳಗೇ ಹಳೇದನ್ನು ತುಂಬಿ ಬಾಯಿ ಕಟ್ಟಿ. ಲಾರಿಗೆ ಮೇಲೆ ಟಾರ್ಪಾಲು ಇದೆಯಾ ನೋಡಿ, ಇಲ್ಲದಿದ್ದರೆ ಇನ್ನೊಂದು ದಿನ ಬನ್ನಿ ಅಂತ ಹೇಳಿ ಕಳಿಸಿ.